ಟೀಮಿಗೆ ಗ್ರೀಕ್ ಹೆಸರು ಇಡುವ ಮೊದಲು

ಮಳೆ ಬಿಟ್ಟು, ದೀಪಾವಳಿ ಕಳೆದು, ಗದ್ದೆಯ ಕೊಯ್ಲು ಮುಗಿಯುವ ಹೊತ್ತಿಗೆ ಉಡುಪಿ, ಮಂಗಳೂರು ಕಡೆ ಹೊನಲು ಬೆಳಕಿನ ಪಂದ್ಯಾಟಗಳ ಕಾಲ ಶುರುವಾಗುತ್ತದೆ. ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್, ಹಗ್ಗಜಗ್ಗಾಟ. ಹಿಂದೆಲ್ಲ ತಂಡದ ಹೆಸರಿಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊರಿನ ಹೆಸರಿಗೆ ಯುವಕ ಮಂಡಲವೋ ಫ್ರೆಂಡ್ಸ್ ಸರ್ಕಲ್ಲೋ ಸೇರಿಸಿದರೆ ಮುಗಿಯಿತು. ಈಗ ಸಣ್ಣ ಊರಿನಲ್ಲೂ ಪ್ರೀಮಿಯರ್ ಲೀಗ್, ಆಟಗಾರರ ಹರಾಜು, ತಂಡಕ್ಕೊಬ್ಬ ಮಾಲಕ, ಬಣ್ಣದ ಜೆರ್ಸಿ, ಯೂಟ್ಯೂಬಿನಲ್ಲಿ ನೇರ ಪ್ರಸಾರ. ಇಷ್ಟೆಲ್ಲ ಇದ್ದ ಮೇಲೆ ಹೆಸರಿಗೂ ಸ್ವಲ್ಪ ಗತ್ತು ಬೇಕಲ್ಲ.

ಮಲ್ಪೆಯ ಹತ್ತಿರ ನಮ್ಮ ವಠಾರದ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಈ ಸಲ ಅದೇ ಚರ್ಚೆ. ಟೈಟನ್ಸ್, ಸ್ಪಾರ್ಟನ್ಸ್, ಟ್ರೋಜನ್ಸ್, ಫೀನಿಕ್ಸ್, ಜೀಯಸ್ ಎಂದು ಪಟ್ಟಿ ಬೆಳೆಯಿತು. "ಟೈಟನ್ ಹೇಳಿದ್ರೆ ವಾಚ್ ಅಲ್ವಾ ಮಾರಾಯ?" ಎಂದು ಒಬ್ಬ ಕೇಳಿದ. "ಮುಳುಗಿದ ಹಡಗು ಸಹ ಅದೇ" ಎಂದು ಇನ್ನೊಬ್ಬ. ಕೊನೆಗೆ, "ಅಣ್ಣ, ಇದರ ಅರ್ಥ ಎಂತ ಒಮ್ಮೆ ಹೇಳಿ, ನಾಡಿದ್ದು ಜೆರ್ಸಿ ಪ್ರಿಂಟಿಗೆ ಕೊಡ್ಲಿಕ್ಕೆ ಉಂಟು" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಪುರಾಣ ಯಾವುದು, ಐತಿಹ್ಯ ಯಾವುದು

ಮೊದಲು ಮೂರು ಮಾತುಗಳನ್ನು ಬೇರೆ ಮಾಡಿಕೊಳ್ಳೋಣ. ದೇವರು, ದಾನವರು, ಲೋಕದ ಹುಟ್ಟು ಇವುಗಳ ಕಥೆ ಪುರಾಣ. ಪರಶುರಾಮ ಕೊಡಲಿ ಎಸೆದಾಗ ಕಡಲು ಹಿಂದೆ ಸರಿದು ನಮ್ಮ ಕರಾವಳಿ ಎದ್ದಿತು ಎನ್ನುವುದು ಪುರಾಣದ ಮಾತು. ಇಂಥ ಊರಿನಲ್ಲಿ ಇಂಥವರು ಬದುಕಿದ್ದರು ಎಂದು ಜನ ನಂಬಿ, ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದದ್ದು ಐತಿಹ್ಯ. ತುಳುನಾಡಿನ ಅವಳಿ ವೀರರಾದ ಕೋಟಿ-ಚೆನ್ನಯರ ಪಾಡ್ದನ, ಅಂದರೆ ತುಳು ಹಾಡುಗಥೆ, ಈ ಜಾತಿಯದು. ಅದರಲ್ಲಿ ಬರುವ ಪಡುಮಲೆ, ಎಣ್ಮೂರು ಇವತ್ತಿಗೂ ಬಸ್ಸು ಹೋಗುವ ಊರುಗಳು. ದಾಖಲೆ, ಇಸವಿ ಇಟ್ಟುಕೊಂಡು ಹೇಳಬಹುದಾದದ್ದು ಇತಿಹಾಸ. ಪೋರ್ಚುಗೀಸರಿಗೆ ಎದುರು ನಿಂತ ಉಳ್ಳಾಲದ ಅಬ್ಬಕ್ಕ ರಾಣಿ ಅಲ್ಲಿಗೆ ಸೇರುತ್ತಾಳೆ.

ಗ್ರೀಕರಲ್ಲೂ ಈ ಮೂರು ಪದರಗಳಿವೆ. ಟೈಟನ್‌ಗಳು ಶುದ್ಧ ಪುರಾಣ. ಟ್ರಾಯ್ ಯುದ್ಧ ಐತಿಹ್ಯ: ಕಥೆಯಲ್ಲಿ ದೇವತೆಗಳು ಓಡಾಡಿದರೂ, ಇಂದಿನ ಟರ್ಕಿಯ ಹಿಸಾರ್ಲಿಕ್ ಎಂಬ ದಿಬ್ಬವನ್ನು 1870ರ ದಶಕದಲ್ಲಿ ಅಗೆದಾಗ ಒಂದರ ಮೇಲೊಂದು ಕಟ್ಟಿದ ಹಳೆಯ ಪಟ್ಟಣಗಳೇ ಸಿಕ್ಕಿದವು. ಸ್ಪಾರ್ಟಾ ಮಾತ್ರ ಇತಿಹಾಸ. ಅದು ನಿಜವಾದ ನಗರ. ಕ್ರಿಸ್ತಪೂರ್ವ 480ರಲ್ಲಿ ಥರ್ಮಾಪಿಲೆ ಎಂಬ ಕಣಿವೆಯಲ್ಲಿ ಅದರ ರಾಜ ಲಿಯೊನಿಡಾಸ್ 300 ಸ್ಪಾರ್ಟನ್ನರೊಂದಿಗೆ ಪರ್ಷಿಯದ ಸೇನೆಯನ್ನು ತಡೆದು ನಿಂತು ಸತ್ತ. ಹಾಗಾಗಿ "ಗ್ರೀಕ್ ಪುರಾಣದ ಸ್ಪಾರ್ಟನ್ಸ್" ಎಂದು ಬ್ಯಾನರಿನಲ್ಲಿ ಹಾಕಿಸಿದರೆ ಅದು "ಪುರಾಣದ ಅಬ್ಬಕ್ಕ" ಎಂದ ಹಾಗೆ.

ಸೈಕಲ್ಲಿನ ಮೇಲೆ ಬಂದ ಹೆಸರುಗಳು

ಗ್ರೀಕ್ ಹೆಸರುಗಳು ನಮ್ಮ ಹಿರಿಯರಿಗೂ ಹೊಸದಲ್ಲ. ಅವರ ಕಾಲದ ಸೈಕಲ್ಲುಗಳನ್ನು ನೆನೆಸಿಕೊಳ್ಳಿ: ಒಂದು ಅಟ್ಲಾಸ್, ಇನ್ನೊಂದು ಹರ್ಕ್ಯುಲಿಸ್. ಇಬ್ಬರೂ ಒಂದೇ ಕಥೆಯ ಪಾತ್ರಗಳು. ಅಟ್ಲಾಸ್ ಟೈಟನ್ ಕುಲದವನು, ಆಕಾಶವನ್ನು ಹೆಗಲ ಮೇಲೆ ಹೊತ್ತು ನಿಲ್ಲಬೇಕೆಂಬ ಶಿಕ್ಷೆ ಅವನಿಗೆ. ಚಿತ್ರಗಳಲ್ಲಿ ಭೂಗೋಳ ಹೊತ್ತಂತೆ ಬರೆಯುವುದು ಆಮೇಲಿನ ರೂಢಿ. ಚಿನ್ನದ ಸೇಬು ತರಬೇಕಾಗಿದ್ದ ಹರ್ಕ್ಯುಲಿಸ್, "ನೀನು ಹೋಗಿ ತಂದುಕೊಡು, ಅಲ್ಲಿವರೆಗೆ ನಾನು ಹೊರುತ್ತೇನೆ" ಎಂದ. ಸೇಬು ತಂದ ಅಟ್ಲಾಸನಿಗೆ ಭಾರ ವಾಪಸು ಪಡೆಯುವ ಮನಸ್ಸಿಲ್ಲ. ಆಗ ಹರ್ಕ್ಯುಲಿಸ್, "ಆಗಲಿ, ಹೆಗಲಿಗೆ ಒಂದು ಸಿಂಬೆ ಇಟ್ಟುಕೊಳ್ಳುತ್ತೇನೆ, ಒಂದು ಕ್ಷಣ ಹಿಡಿ" ಎಂದು ಅವನಿಗೇ ಹೊರಿಸಿ ಹೊರಟುಹೋದ. ಹಗ್ಗಜಗ್ಗಾಟದ ತಂಡಕ್ಕೆ ಅಟ್ಲಾಸ್ ಅಂತ ಹೆಸರಿಡುವವರು ಈ ಸಿಂಬೆಯ ಕಥೆ ತಿಳಿದಿದ್ದರೆ ಒಳ್ಳೆಯದು.

ಹರ್ಕ್ಯುಲಿಸ್ ಎನ್ನುವುದು ಗ್ರೀಕ್ ಹೆಸರಲ್ಲ, ರೋಮನ್ನರು ಕರೆದ ರೂಪ. ಗ್ರೀಕರಿಗೆ ಅವನು ಹೆರಾಕ್ಲೀಸ್. ರೋಮನ್ನರು ಗ್ರೀಕ್ ದೇವತೆಗಳನ್ನು ತಮ್ಮ ದೇವತೆಗಳ ಜತೆ ಸಮೀಕರಿಸಿದ್ದರಿಂದ ಬಹುತೇಕ ಎಲ್ಲರಿಗೂ ಎರಡೆರಡು ಹೆಸರು. ಕುಕ್ಕೆಯಲ್ಲಿ ಸುಬ್ರಹ್ಮಣ್ಯ, ಪಳನಿಯಲ್ಲಿ ಮುರುಗ ಎಂದಂತೆ. ದೇವರಾಜ ಜೀಯಸ್ ರೋಮಿನಲ್ಲಿ ಜುಪಿಟರ್, ಕಡಲ ದೇವರು ಪೊಸೈಡನ್ ಅಲ್ಲಿ ನೆಪ್ಚೂನ್, ಯುದ್ಧದೇವತೆ ಆರೀಸ್ ಅಲ್ಲಿ ಮಾರ್ಸ್. ಒಂದೇ ಲೀಗಿನಲ್ಲಿ ಪೊಸೈಡನ್ ಒಂದು ತಂಡ, ನೆಪ್ಚೂನ್ ಇನ್ನೊಂದು ತಂಡ ಆದರೆ ಒಬ್ಬನೇ ದೇವರು ತನ್ನೊಡನೆ ತಾನೇ ಫೈನಲ್ ಆಡಬೇಕಾದೀತು.

ಸೋತವರ ಹೆಸರನ್ನು ಯಾಕೆ ಇಡುತ್ತಾರೆ?

ಹುಡುಗರು ಕೇಳಿದ ಪ್ರಶ್ನೆಗಳಲ್ಲಿ ಇದೇ ಚೆನ್ನಾಗಿತ್ತು. ಟೈಟನ್‌ಗಳು ಯಾರು? ಆಕಾಶ, ಭೂಮಿಗೆ ಹುಟ್ಟಿದ ಹನ್ನೆರಡು ಮಕ್ಕಳು ಮತ್ತು ಅವರ ಸಂತತಿ. ಜೀಯಸನಿಗೆ ಅಪ್ಪ, ದೊಡ್ಡಪ್ಪ, ಅತ್ತೆ ಆಗಬೇಕಾದವರು. ಒಲಿಂಪಸ್ ಬೆಟ್ಟದ ಹೊಸ ದೇವತೆಗಳಿಗೂ ಇವರಿಗೂ ಹತ್ತು ವರ್ಷ ಯುದ್ಧ ನಡೆಯಿತು. ದಾಯಾದಿ ಜಗಳ ಅನ್ನಿ. ಟೈಟನ್‌ಗಳು ಸೋತು ಪಾತಾಳದಂಥ ಟಾರ್ಟರಸಿಗೆ ಬಿದ್ದರು. ಇಷ್ಟಾದರೂ ಅವರ ಹೆಸರು ಗಾತ್ರಕ್ಕೆ, ಬಲಕ್ಕೆ ಪರ್ಯಾಯವಾಗಿ ಉಳಿಯಿತು. ಟೈಟಾನಿಕ್ ಹಡಗಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ; ಅದರ ಜೋಡಿ ಹಡಗಿನ ಹೆಸರು ಒಲಿಂಪಿಕ್. ಹೆಸರಿನಿಂದ ಸೋಲು ಬರುತ್ತದೆಂದು ಹೆದರುವವರಿಗೆ ಉತ್ತರವೂ ಇದೆ: ಗುಜರಾತ್ ಟೈಟನ್ಸ್ ತಂಡ ಐಪಿಎಲ್‌ಗೆ ಕಾಲಿಟ್ಟ 2022ರಲ್ಲೇ ಕಪ್ ಎತ್ತಿತು.

ಟ್ರೋಜನ್ನರು ಎಂದರೆ ಟ್ರಾಯ್ ನಗರದವರು. ಹತ್ತು ವರ್ಷ ಕೋಟೆ ಬಿಟ್ಟುಕೊಡದೆ ಕಾದರು. ಕೊನೆಗೆ ಗ್ರೀಕರು ಬಿಟ್ಟುಹೋದ ಮರದ ಕುದುರೆಯನ್ನು ಊರೊಳಗೆ ಎಳೆದುಕೊಂಡು, ಅದರ ಹೊಟ್ಟೆಯಲ್ಲಿದ್ದವರ ಕೈಯಲ್ಲಿ ಊರು ಕಳೆದುಕೊಂಡರು. ಕಂಪ್ಯೂಟರಿಗೆ ಕಳ್ಳದಾರಿಯಲ್ಲಿ ನುಗ್ಗುವ ತಂತ್ರಾಂಶವನ್ನು ಈಗ ಟ್ರೋಜನ್ ಎನ್ನುತ್ತಾರೆ. ಪಾಪ, ಮೋಸ ಹೋದವರು ಟ್ರೋಜನ್ನರು, ಒಳಗೆ ಕುಳಿತವರು ಗ್ರೀಕರು!

ಏಜಾಕ್ಸ್ ಇನ್ನೊಬ್ಬ. ಟ್ರಾಯ್ ಯುದ್ಧದಲ್ಲಿ ಏಳು ಪದರ ತೊಗಲಿನ ಗುರಾಣಿ ಹಿಡಿದು ಗೋಡೆಯಂತೆ ನಿಲ್ಲುತ್ತಿದ್ದ ಭೀಮಕಾಯ. ಗೆಳೆಯ ಅಕಿಲೀಸ್ ಸತ್ತ ಮೇಲೆ ಅವನ ಕವಚ ತನಗೆ ಸಿಗಲಿಲ್ಲವೆಂದು ಬುದ್ಧಿ ಕೆಟ್ಟು, ದನಕುರಿಗಳನ್ನು ಶತ್ರುಗಳೆಂದು ಕಡಿದು, ಎಚ್ಚರವಾದಾಗ ನಾಚಿ ಪ್ರಾಣ ಬಿಟ್ಟ. 1900ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಫುಟ್ಬಾಲ್ ಕ್ಲಬ್ ಕಟ್ಟಿದವರು ಅವನ ಹೆಸರನ್ನೇ ಆರಿಸಿದರು. 1990ರ ದಶಕದಲ್ಲಿ ಬಂದ ಅದರ ಲಾಂಛನದಲ್ಲಿ ಅವನ ಮುಖವನ್ನು ಬರೇ 11 ಗೆರೆಗಳಲ್ಲಿ ಬರೆದಿದ್ದರು, ಆಟಗಾರನಿಗೊಂದು ಗೆರೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಕರ್ಣ ಸೋತವನು. ಹಾಗೆಂದು ತಾಳಮದ್ದಳೆಯಲ್ಲಿ ಕರ್ಣನ ಅರ್ಥಕ್ಕೆ, ಅಂದರೆ ಮಾತುಗಾರಿಕೆಗೆ, ಕಿವಿಗೊಟ್ಟು ಕುಳಿತವರು ಅರ್ಜುನನ ಕಡೆಯವರೇ ಆಗಿರುತ್ತಾರೆಯೇ? ಗೆದ್ದವನಿಗೆ ಫಲಿತಾಂಶ ಸಿಗುತ್ತದೆ, ಸೋತ ವೀರನಿಗೆ ಪದ್ಯಗಳು ಸಿಗುತ್ತವೆ. ತಂಡದ ಹೆಸರಿಗೆ ಬೇಕಾದದ್ದು ಎರಡನೆಯದೇ. ಕಪ್ಪನ್ನು ಹೇಗೂ ಅಂಗಳದಲ್ಲೇ ಗೆಲ್ಲಬೇಕು.

ಅಭಿಮನ್ಯು ಕಬಡ್ಡಿಗೆ ಆಗುತ್ತಾನೆಯೇ?

ಹೆಸರು ಆರಿಸುವಾಗ ಹೆಚ್ಚಿನವರು ಪಾತ್ರದ ಬಲವನ್ನು ಮಾತ್ರ ನೋಡುತ್ತಾರೆ. ನನ್ನನ್ನು ಕೇಳಿದರೆ ಕಥೆಯ ನಡೆಯನ್ನು ನೋಡಬೇಕು, ಅದು ಆಟದ ನಡೆಗೆ ಹೊಂದುತ್ತದೆಯೇ ಎಂದು.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ರೈಡರ್ ಒಬ್ಬನೇ ಎದುರು ಅಂಗಳಕ್ಕೆ ಹೋಗಬೇಕು, ಮುಟ್ಟಬೇಕು, ಹಿಡಿತ ತಪ್ಪಿಸಿಕೊಂಡು ಮಧ್ಯರೇಖೆಗೆ ವಾಪಸು ಬರಬೇಕು. ಹೋಗುವುದಕ್ಕೆ ಅಂಕವಿಲ್ಲ, ಬಂದರೆ ಅಂಕ. ಈಗ ಯೋಚಿಸಿ, ಆ ತಂಡಕ್ಕೆ "ಅಭಿಮನ್ಯು" ಎಂದು ಹೆಸರಿಟ್ಟರೆ? ಚಕ್ರವ್ಯೂಹದ ಒಳಗೆ ಹೋಗಲು ಬಲ್ಲ, ಹೊರಗೆ ಬರಲು ತಿಳಿಯದ ವೀರ. ಕಬಡ್ಡಿ ರೈಡರಿಗೆ ಇದಕ್ಕಿಂತ ಅಪಶಕುನದ ಹೆಸರು ಹುಡುಕಿದರೂ ಸಿಗಲಿಕ್ಕಿಲ್ಲ. ಹಿಡಿಯುವವರ ತಂಡಕ್ಕೆ "ಚಕ್ರವ್ಯೂಹ" ಅಂದರೆ ಬೇರೆ ಮಾತು.

ಗ್ರೀಕರಲ್ಲಿ ಇದೇ ಚೌಕಟ್ಟಿನ ಕಥೆ ಒಂದಿದೆ, ಮುಕ್ತಾಯ ಮಾತ್ರ ತಿರುಗಾಮುರುಗಾ. ಕ್ರೀಟ್ ದ್ವೀಪದ ರಾಜ ಒಂದು ದಾರಿ ತಪ್ಪಿಸುವ ಮನೆ ಕಟ್ಟಿಸಿದ್ದ, ಲ್ಯಾಬಿರಿಂತ್. ಒಳಗೆ ಹೋರಿಯ ತಲೆ, ಮನುಷ್ಯನ ಮೈ ಇರುವ ಮಿನೋಟಾರ್. ಅದಕ್ಕೆ ಆಹಾರವಾಗಿ ಅಥೆನ್ಸಿನಿಂದ ಏಳು ಹುಡುಗರು, ಏಳು ಹುಡುಗಿಯರು ಹೋಗಬೇಕಿತ್ತು. ಕಬಡ್ಡಿಯ ಒಂದು ತಂಡದಷ್ಟೇ ಹುಡುಗರು, ನೋಡಿ. ಅವರಲ್ಲಿ ಒಬ್ಬನಾಗಿ ಹೋದ ಥೀಸಿಯಸ್ ಬಾಗಿಲಿಗೆ ನೂಲಿನ ತುದಿ ಕಟ್ಟಿ, ಉಂಡೆ ಬಿಚ್ಚುತ್ತ ಒಳಗೆ ನಡೆದ. ಮಿನೋಟಾರನ್ನು ಕೊಂದು, ಅದೇ ನೂಲು ಹಿಡಿದು ಹೊರಗೆ ಬಂದ. ನೂಲು ಕೊಟ್ಟವಳು ರಾಜಕುಮಾರಿ ಅರಿಯಾಡ್ನೆ. ಅಭಿಮನ್ಯುವಿಗೆ ಇಲ್ಲದೆ ಹೋದದ್ದು ಆ ನೂಲು. ರೈಡರಿಗೆ ನೂಲಿನ ಬದಲು ಒಂದೇ ಉಸಿರಿನ "ಕಬಡ್ಡಿ ಕಬಡ್ಡಿ". ಅದು ತುಂಡಾದರೆ ಅವನೂ ಔಟ್.

ಇದೇ ಕಣ್ಣಿನಿಂದ ಬೇರೆಯವನ್ನೂ ನೋಡಬಹುದು. ಹೈಡ್ರಾ ಎಂದರೆ ಹಲವು ತಲೆಯ ನೀರುಹಾವು. ಒಂದು ತಲೆ ಕಡಿದರೆ ಎರಡು ಹುಟ್ಟುತ್ತವೆ. ಕಟೀಲು ಮೇಳದವರ ದೇವಿ ಮಹಾತ್ಮೆ ನೋಡಿದವರಿಗೆ ತಕ್ಷಣ ರಕ್ತಬೀಜ ನೆನಪಾಗುತ್ತಾನೆ. ಅವನ ನೆತ್ತರು ನೆಲಕ್ಕೆ ಬೀಳದಂತೆ ಕಾಳಿ ನಾಲಗೆ ಚಾಚಿದ ಹಾಗೆ, ಹೈಡ್ರಾದ ಕಡಿದ ಕತ್ತನ್ನು ಕೊಳ್ಳಿಯಿಂದ ಸುಟ್ಟು ಹೆರಾಕ್ಲೀಸ್ ಗೆದ್ದ. ಔಟಾದವರು ಮತ್ತೆ ಮತ್ತೆ ಅಂಗಳಕ್ಕೆ ಮರಳುವ ಆಟಕ್ಕೆ ಹೈಡ್ರಾ ಸರಿಯಾದ ಹೆಸರೇ.

ಮಹಿಳಾ ತಂಡಕ್ಕಾದರೆ ಅಮೆಜಾನ್ ಎಂಬ ಹೆಸರು ಮೊದಲು ಹೊಳೆಯುತ್ತದೆ. ಅದು ಗ್ರೀಕ್ ಕಥೆಗಳ ಯೋಧ ಸ್ತ್ರೀಯರ ಕುಲ. ಈಗ ಆ ಹೆಸರು ಕೇಳಿದರೆ ಮನೆಗೆ ಪಾರ್ಸೆಲ್ ಬಂತೆಂದು ಜನ ಬಾಗಿಲು ನೋಡುತ್ತಾರೆ. ಅಟಲಾಂಟಾ ಹೆಚ್ಚು ತಾಜಾ. ಹೆಣ್ಣೆಂದು ಅಪ್ಪ ಕಾಡಿನಲ್ಲಿ ಬಿಟ್ಟುಹೋದಾಗ ಕರಡಿ ಹಾಲೂಡಿಸಿ ಸಾಕಿದ ಮಗು, ಮುಂದೆ ಓಟದಲ್ಲಿ ಗಂಡಸರನ್ನೆಲ್ಲ ಸೋಲಿಸಿದವಳು. ಕೊನೆಗೆ ಒಬ್ಬ ಓಡುತ್ತ ಓಡುತ್ತ ಮೂರು ಚಿನ್ನದ ಸೇಬು ಉರುಳಿಸಿದ. ಅವನ್ನು ಹೆಕ್ಕಲು ನಿಂತು ಸೋತಳು. ಇಟಲಿಯ ಬೆರ್ಗಾಮೊ ನಗರದ ಫುಟ್ಬಾಲ್ ಕ್ಲಬ್ 1907ರಿಂದ ಅವಳ ಹೆಸರಿನಲ್ಲಿದೆ, 2024ರಲ್ಲಿ ಯುರೋಪಾ ಲೀಗ್ ಗೆದ್ದಿತು.

ಜೋಡಿ ಹೆಸರು, ನಡೆಯುವ ಆರಾಧನೆ

ಹೆಸರಿಡುವುದರಲ್ಲಿ ನಮ್ಮವರು ಕಡಿಮೆಯೇನಲ್ಲ. ಕಂಬಳದಲ್ಲಿ ಕೋಣಗಳು ಓಡುವ ಜೋಡುಕರೆಗಳನ್ನೇ ನೋಡಿ: ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ಮಿಯ್ಯಾರಿನಲ್ಲಿ ಲವ-ಕುಶ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ. ಓಡುವ ಕರೆ ಎರಡು, ಆದ್ದರಿಂದ ಹೆಸರೂ ಜೋಡಿ. ಗ್ರೀಕರಲ್ಲಿ ಇಂಥ ಜೋಡಿ ಹುಡುಕಿದರೆ ಕ್ಯಾಸ್ಟರ್ ಮತ್ತು ಪೊಲ್ಲಕ್ಸ್ ಸಿಗುತ್ತಾರೆ. ಅವಳಿಗಳು. ಒಬ್ಬ ಕುದುರೆ ಪಳಗಿಸುವವ, ಇನ್ನೊಬ್ಬ ಮುಷ್ಟಿಯುದ್ಧದವ. ದನಗಳ ವಿಚಾರದ ಜಗಳದಲ್ಲಿ ಕ್ಯಾಸ್ಟರ್ ಸತ್ತಾಗ ಅಮರನಾಗಿದ್ದ ಪೊಲ್ಲಕ್ಸ್ ತನ್ನ ಅಮರತ್ವವನ್ನು ಅವನೊಂದಿಗೆ ಹಂಚಿಕೊಂಡ. ಮಿಥುನ ರಾಶಿಯ ಎರಡು ನಕ್ಷತ್ರಗಳು ಅವರೇ. ಎಣ್ಮೂರಿನ ಕಾಳಗದಲ್ಲಿ ಕೋಟಿ ಬಿದ್ದ ಮೇಲೆ ಚೆನ್ನಯ ತಾನೂ ಉಳಿಯಲಿಲ್ಲ ಎನ್ನುವ ಪಾಡ್ದನ ಕೇಳಿದವರಿಗೆ ಈ ಕಥೆ ದೂರದ್ದೆನಿಸದು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಗ್ರೀಕ್ ದೇವಾಲಯಗಳ ಪೂಜೆ ಕ್ರಿಸ್ತಶಕ ನಾಲ್ಕನೆಯ ಶತಮಾನದ ಕೊನೆಗೆ ರೋಮನ್ ಚಕ್ರವರ್ತಿ ಥಿಯೊಡೋಸಿಯಸನ ಆಜ್ಞೆಗಳಿಂದ ನಿಷೇಧಕ್ಕೆ ಒಳಗಾಯಿತು. ಆಮೇಲೆ ಜೀಯಸ್, ಆರೀಸ್ ಎಲ್ಲ ಕಥೆಯ ಪಾತ್ರಗಳಾಗಿ ಉಳಿದರು. ಬೂಟಿಗೂ ಬೈಕಿಗೂ ಅವರ ಹೆಸರಿಟ್ಟರೆ ಕೇಳುವವರಿಲ್ಲ. ಕೋಟಿ-ಚೆನ್ನಯರಿಗೆ ಗರಡಿ ಎನ್ನುವ ಅವರ ಗುಡಿಗಳಲ್ಲಿ ಇವತ್ತಿಗೂ ನೇಮ ನಡೆಯುತ್ತದೆ. ದೈವಗಳಾದ ಪಂಜುರ್ಲಿ, ಗುಳಿಗ, ಕೊರಗಜ್ಜನ ಹೆಸರಿನಲ್ಲಿ ಮನೆಮನೆಯಲ್ಲಿ ಹರಕೆ ಹೇಳಿಕೊಳ್ಳುತ್ತಾರೆ. ಆ ಹೆಸರನ್ನು ಜೆರ್ಸಿಯ ಬೆನ್ನಿಗೆ ಹಾಕಿದರೆ ಬೆವರು ಒರೆಸುವುದು ಅದರಲ್ಲೇ, ಸೋತ ಸಿಟ್ಟಿಗೆ ನೆಲಕ್ಕೆ ಎಸೆಯುವುದೂ ಅದನ್ನೇ. ಎದುರು ತಂಡದವರು "ಅವರನ್ನು ಮಣ್ಣು ಮುಕ್ಕಿಸಿ" ಎಂದು ಕೂಗುವಾಗಲೂ ಕೂಗುವುದು ಆ ಹೆಸರನ್ನೇ. ಅದಕ್ಕೇ ಅನೇಕ ತಂಡಗಳು ದೈವದ ಹೆಸರನ್ನು ಪ್ರಾಯೋಜಕರ ಸಾಲಿನ ಮೇಲೆ, "ಶ್ರೀ" ಸೇರಿಸಿ, ಆಶೀರ್ವಾದದ ಜಾಗದಲ್ಲಿ ಮಾತ್ರ ಹಾಕುತ್ತವೆ. ಇದು ಕಾನೂನಲ್ಲ, ಊರಿನ ನಡವಳಿಕೆ. ಸಂಶಯವಿದ್ದರೆ ಗರಡಿಯ ಅಥವಾ ದೈವಸ್ಥಾನದ ಹಿರಿಯರನ್ನು ಒಮ್ಮೆ ಕೇಳಿದರಾಯಿತು.

ಮಂಗಳೂರು ಡ್ರಾಗನ್ಸ್ ಎಂಬ ಕ್ರಿಕೆಟ್ ತಂಡ ಮಹಾರಾಜ ಟ್ರೋಫಿಯಲ್ಲಿದೆ. ಡ್ರಾಗನ್ ಎಂಬ ಮಾತಿನ ಮೂಲ ಗ್ರೀಕಿನ "ದ್ರಾಕೋನ್", ಅರ್ಥ ಹೆಬ್ಬಾವಿನಂಥ ಸರ್ಪ. ಗ್ರೀಕ್ ವೀರರು ಅದನ್ನು ಕೊಂದು ಹೆಸರು ಮಾಡುತ್ತಾರೆ, ನಾವು ನಾಗಬನದಲ್ಲಿ ಅದಕ್ಕೆ ಹಾಲಿನ ತನು ಎರೆಯುತ್ತೇವೆ.

ನಮ್ಮ ಕಡಲಿಗೆ ಬಂದ ಗ್ರೀಕರು

ಗ್ರೀಕ್ ಹೆಸರಿಗೂ ನಮಗೂ ಎತ್ತಣ ಸಂಬಂಧ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಕಥೆಯುಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಹಳೆಯ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನ ಇತ್ತು. ಹಾಳೆ ಸುಮಾರು ಎರಡನೆಯ ಶತಮಾನದ್ದು, ಅಚ್ಚಾಗಿ ಹೊರಬಂದದ್ದು 1903ರಲ್ಲಿ. ಚಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಯಾವುದೋ ಕಡಲ ತೀರದ ಗುಡಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಅಣ್ಣ, ಗೆಳೆಯರು ಬಂದು, ಅಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮತ್ತೇರಿಸಿ, ಅವಳನ್ನು ಹಡಗು ಹತ್ತಿಸಿ ಪಾರು ಮಾಡುತ್ತಾರೆ. ನಮ್ಮ ಹಾಸ್ಯಗಾರರಂತೆ ಒಬ್ಬ ವಿದೂಷಕನೂ ಇದ್ದಾನೆ, ಅವನ ಅಸ್ತ್ರ ಹೂಸು.

ಆ ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದರಲ್ಲಿ ಕನ್ನಡ ಇದೆ ಎಂದು 1904ರಲ್ಲೇ ಹುಲ್ಟ್ಶ್ ಎಂಬ ವಿದ್ವಾಂಸ ಸೂಚಿಸಿದರು. ಅದು ತುಳು ಎಂದು ವಾದಿಸಿದವರಿದ್ದಾರೆ, ಒಂದು ಪದದಲ್ಲಿ ಮಲ್ಪೆಯನ್ನೇ ಕಂಡವರಿದ್ದಾರೆ, ನಗಿಸಲು ಬರೆದ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ. ತೀರ್ಮಾನ ಆಗಿಲ್ಲ.

ಇನ್ನೊಂದು ಸಾಕ್ಷಿ ರೋಮನ್ ಲೇಖಕ ಪ್ಲಿನಿಯದು, ಒಂದನೆಯ ಶತಮಾನದ್ದು. ಇಂದಿನ ಕೇರಳದ ಮುಜಿರಿಸ್ ಬಂದರಿನ ಹತ್ತಿರ ನಿತ್ರಿಯಾಸ್ ಎಂಬಲ್ಲಿ ಕಡಲುಗಳ್ಳರಿದ್ದಾರೆ, ಹಾಗಾಗಿ ಮುಜಿರಿಸಿನಲ್ಲಿ ಇಳಿಯುವುದು ಕ್ಷೇಮವಲ್ಲ ಎಂದು ಅವನು ಬರೆದ. ಆ ನಿತ್ರಿಯಾಸ್ ನೇತ್ರಾವತಿಯ ಹೆಸರಿನಿಂದ ಬಂದದ್ದು, ಅದು ಮಂಗಳೂರೇ ಎಂದು ಹಲವರು ಗುರುತಿಸಿದ್ದಾರೆ. ಇದನ್ನು ಹೇಳಿದಾಗ ನಮ್ಮ ಹುಡುಗರ ಕಣ್ಣು ಅರಳಿತು. "ನಿತ್ರಿಯಾಸ್ ಪೈರೇಟ್ಸ್" ಎಂದು ಒಬ್ಬ ಕೂಡಲೇ ಟೈಪ್ ಮಾಡಿದ. ಉಡುಪಿಯವರು ಮಂಗಳೂರಿನ ಹೆಸರಿಡುವುದು ಹೇಗೆ ಎಂದು ಅದು ಅಲ್ಲಿಗೇ ಬಿದ್ದುಹೋಯಿತು.

ಮೈಕಿನಲ್ಲಿ ಹೇಗೆ ಕೇಳುತ್ತದೆ?

ಹೆಸರು ಬರೆಯುವುದಕ್ಕಿಂತ ಹೆಚ್ಚು ಕೂಗುವುದಕ್ಕೆ ಇರುವುದು. ರಾತ್ರಿ ಹನ್ನೊಂದಕ್ಕೆ ವೀಕ್ಷಕ ವಿವರಣೆ ಕೊಡುವವರು ಒಂದೇ ಸಮ ಹೇಳುವಾಗ ನಾಲಗೆ ತೊಡರಬಾರದು. ಎರಡು, ಮೂರು ಅಕ್ಷರದ ಹೆಸರು ಎಲ್ಲಕ್ಕಿಂತ ಕ್ಷೇಮ. ಜೀಯಸನ್ನೇ ನೋಡಿ. ಇಂಗ್ಲಿಷಿನಲ್ಲಿ ಓದಿ ಕನ್ನಡಕ್ಕೆ ತರುವಾಗ ಅನೇಕರು ಜ್ಯೂಸ್ ಎಂದು ಬರೆಯುತ್ತಾರೆ. "ಜ್ಯೂಸ್ ತಂಡದವರು ಕೂಡಲೇ ಅಂಗಳಕ್ಕೆ ಬರಬೇಕು" ಎಂದು ಮೈಕಿನಲ್ಲಿ ಕರೆದರೆ ಪಕ್ಕದ ಸ್ಟಾಲಿನವ ಕಬ್ಬಿನ ಯಂತ್ರ ಬಿಟ್ಟು ಓಡಿ ಬಂದಾನು. ಅಕಿಲೀಸ್ "ಅಕ್ಕಿಲೀಸ್" ಆಗುವುದಕ್ಕೂ ತಡವಿಲ್ಲ.

ಹೆಸರಿಗೆ ಒಡೆತನ ಇದೆಯೇ ಎನ್ನುವುದು ಇನ್ನೊಂದು ಪ್ರಶ್ನೆ. ಪುರಾಣದ ಹೆಸರು ಯಾರ ಸ್ವತ್ತೂ ಅಲ್ಲ. ಆದರೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯಂತೆ ಒಂದು ಬಗೆಯ ವಸ್ತು ಅಥವಾ ಸೇವೆಗೆ ಒಬ್ಬರು ನೋಂದಾಯಿಸಿದ ಗುರುತನ್ನು ಅದೇ ವ್ಯಾಪಾರಕ್ಕೆ ಬೇರೆಯವರು ಬಳಸುವಂತಿಲ್ಲ. ನೈಕಿ ಎಂಬುದು ಗ್ರೀಕರ ವಿಜಯದೇವತೆ. ಆ ಹೆಸರಿನ ಬೂಟು ಕಂಪನಿಯ ಲಾಂಛನದ ಗೀಟನ್ನು 1971ರಲ್ಲಿ ಒಬ್ಬ ವಿದ್ಯಾರ್ಥಿನಿ 35 ಡಾಲರಿಗೆ ಬರೆದುಕೊಟ್ಟಳು. ದೇವತೆಯ ಕಥೆ ಎಲ್ಲರದು, ಆ ಗೀಟು ಕಂಪನಿಯದು. ಊರಿನ ಪಂದ್ಯಾಟಕ್ಕೆ ಯಾರೂ ನೋಟಿಸು ಕಳಿಸಲಿಕ್ಕಿಲ್ಲ, ಆದರೂ ಗೂಗಲಿನಿಂದ ಎತ್ತಿದ ಲಾಂಛನ ಹಾಕಿದ ಟೀಶರ್ಟು ಮಾರಲು ಹೊರಟರೆ ತೊಂದರೆಯಾದೀತು.

ನಮ್ಮ ಹುಡುಗರು ಕೊನೆಗೆ ಆರಿಸಿದ್ದು ಆರ್ಗೊ. ಜೇಸನ್ ಎಂಬ ವೀರ ಚಿನ್ನದ ಉಣ್ಣೆ ತರಲು ಹೊರಟಾಗ ಹೆರಾಕ್ಲೀಸ್, ಅಟಲಾಂಟಾ, ಆ ಅವಳಿಗಳು, ಹೀಗೆ ಸುಮಾರು ಐವತ್ತು ಮಂದಿಯನ್ನು ಹತ್ತಿಸಿಕೊಂಡ ಹಡಗು ಅದು. ಕೆನಡಾದ ಟೊರೊಂಟೊದಲ್ಲಿ ದೋಣಿ ಓಡಿಸುವವರ ಕ್ಲಬ್ಬೊಂದು 1873ರಲ್ಲಿ ಫುಟ್ಬಾಲ್ ತಂಡ ಕಟ್ಟಿ ಆರ್ಗೊನಾಟ್ಸ್ ಎಂದು ಕರೆಯಿತು, ಈಗಲೂ ಆಡುತ್ತಿದೆ. ಎರಡಕ್ಷರ, ಮೈಕಿಗೆ ಸಲೀಸು. ತಂಡದ ಅರ್ಧ ಹುಡುಗರ ಮನೆಯಲ್ಲಿ ಬೋಟಿಗೆ ಹೋಗುವವರಿದ್ದಾರೆ ಎನ್ನುವುದೂ ಒಂದು ಕಾರಣ. ಜೆರ್ಸಿಯ ಮೇಲೆ ಹಾಯಿ ಕಟ್ಟಿದ ಗ್ರೀಕ್ ಹಡಗಿನ ಚಿತ್ರ ಹಾಕಲು ಹೇಳಿದ್ದರು. ಪ್ರಿಂಟಾಗಿ ಬಂದಾಗ ಅದರ ಮೇಲಿದ್ದದ್ದು ಪರ್ಸೀನ್ ಬೋಟು, ಬಲೆ ಸಮೇತ. ಬದಲಾಯಿಸಲು ಯಾರೂ ಹೇಳಲಿಲ್ಲ.